ಟ್ಯೂಬ್ ಮೇಲಿನ ಸಣ್ಣಕ್ಷರ

ತೆಕ್ಕಲಕೋಟೆ ಕಡೆಯಿಂದ ಬಂದವರು ನಮ್ಮ ಕಾಲೇಜಿನಲ್ಲಿ ಒಂದಷ್ಟು ಜನ ಇದ್ದೇವೆ. ರಜೆಗೆ ಊರಿಗೆ ಹೋದರೆ ನಮಗೆಲ್ಲ ಒಂದು ಕೆಲಸ ಖಾಯಂ. "ನೀನು ಇಂಗ್ಲಿಷ್ ಓದೀಯಲ್ಲ, ಇದರ ಮ್ಯಾಲ ಏನ್ ಬರದೈತಿ ನೋಡಿ ಹೇಳು" ಅಂತ ಅತ್ತೆಯೋ, ಅಕ್ಕನೋ, ಪಕ್ಕದ ಮನೆಯವರೋ ಒಂದು ಟ್ಯೂಬ್ ತಂದು ಕೈಗೆ ಕೊಡ್ತಾರೆ. ಮೊಡವೆಗೆ ಯಾವುದು ಒಳ್ಳೇದು, ಬಂಗು ಹೋಗೋಕೆ ಏನು ಹಚ್ಚಬೇಕು, ಕೆಂಪಗಾಗೋಕೆ ಯಾವ ಕ್ರೀಮು, ದಿನಾ ಸೋಪು ಹಚ್ಚಬಹುದಾ ಅನ್ನೋ ಪ್ರಶ್ನೆಗಳೂ ಜೊತೆಗೇ ಬರುತ್ತವೆ. ಹಾಸ್ಟೆಲಿಗೆ ವಾಪಸ್ ಬಂದರೆ ಪ್ರಶ್ನೆಗಳು ಅವೇ, ಟ್ಯೂಬ್ ಮಾತ್ರ ಬೇರೆ. ಅಲ್ಲಿ ಕ್ರೀಮು, ಇಲ್ಲಿ ಸೀರಮ್ಮು.

ನಾವು ಡಾಕ್ಟರಲ್ಲ. ಆದರೆ ಲೇಬಲ್ ಓದೋಕೆ ಡಾಕ್ಟರ್ ಆಗಬೇಕಿಲ್ಲ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳೋದು ಒಂದೇ ಮಾತು: ಮುಖಕ್ಕೆ ಹಚ್ಚೋ ವಸ್ತು ಕಾಸ್ಮೆಟಿಕ್ಕೋ ಔಷಧಿಯೋ ಅಂತ ಮೊದಲು ನೋಡಿ. ಒಳ್ಳೇ ಬ್ರ್ಯಾಂಡ್ ಯಾವುದು ಅನ್ನೋ ಪ್ರಶ್ನೆ ಅದಾದ ಮೇಲೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ, ಈಗ ಹುಡುಗರದ್ದೂ, ಮುಖ ಹಾಳಾಗ್ತಿದೆ.

ಒಂದು ವಾರದಲ್ಲಿ ಕೆಂಪಗಾಗೋದು ಹೇಗೆ?

ನಮ್ಮ ಕಡೆ ಬೆಳ್ಳಗಿರೋರನ್ನ "ಕೆಂಪಗದಾರ" ಅಂತಾರೆ. ಹಾಗಾಗಿ ಬೆಳ್ಳಗಾಗೋ ಕ್ರೀಮು ಅಂದ್ರೆ ಕೆಂಪಗಾಗೋ ಕ್ರೀಮು. ಈ ಆಸೆ ಹಳೇದು, ಅದರ ವ್ಯಾಪಾರವೂ ಹಳೇದು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಕಂಪನಿ ಅದರ ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಸೇರಿಸಿತು. ಜಾಹೀರಾತಿನಲ್ಲಿ ಕಪ್ಪು ಬಣ್ಣದವರನ್ನ ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹೆಸರು ಬದಲಾಯ್ತು, ಜಾಹೀರಾತು ಬದಲಾಯ್ತು. ಹೆಣ್ಣು ನೋಡೋಕೆ ಬರೋರ ಮಾತು ಮಾತ್ರ ಅಷ್ಟು ಬದಲಾಗಿಲ್ಲ.

ಈಗ ಸ್ವಲ್ಪ ಎಂಜಿನಿಯರಿಂಗ್ ತಲೆ ಓಡಿಸೋಣ. ಚರ್ಮದ ಬಣ್ಣ ಕೊಡೋದು ಮೆಲನಿನ್. ಅದನ್ನ ತಯಾರಿಸೋ ಜೀವಕೋಶಗಳ ಸಂಖ್ಯೆ ಕಪ್ಪಗಿರೋರಲ್ಲಿ, ಬೆಳ್ಳಗಿರೋರಲ್ಲಿ ಹೆಚ್ಚುಕಮ್ಮಿ ಒಂದೇ. ಎಷ್ಟು ತಯಾರಾಗುತ್ತೆ, ಹೇಗೆ ಹಂಚಿಕೆ ಆಗುತ್ತೆ ಅನ್ನೋದು ಬೇರೆ ಬೇರೆ, ಮತ್ತು ಅದು ಹುಟ್ಟಿನಿಂದ ಬಂದದ್ದು. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗೋಕೆ ಸುಮಾರು ನಾಲ್ಕು ವಾರ ಬೇಕು. ಹಾಗಾಗಿ ಕಲೆ ತಿಳಿಯಾಗಿಸೋ ಯಾವುದೇ ಒಳ್ಳೇ ವಸ್ತುವಿನ ಫಲ ಕಾಣೋಕೆ ಎಂಟರಿಂದ ಹನ್ನೆರಡು ವಾರ ಹಿಡಿಯುತ್ತೆ. ಅಂದಮೇಲೆ ಐದಾರು ದಿನದಲ್ಲಿ ಒಂದು ಕ್ರೀಮು ಮುಖ ಬೆಳ್ಳಗೆ ಮಾಡ್ತಿದೆ ಅಂದ್ರೆ ಅದು ಮೂರರಲ್ಲಿ ಒಂದು. ಒಂದೋ ಅದರಲ್ಲಿ ಬಿಳಿ ಪುಡಿ ಇದೆ, ಮುಖಕ್ಕೆ ಸುಣ್ಣ ಬಳಿದಂಗೆ, ತೊಳೆದರೆ ಹೋಗುತ್ತೆ. ಇಲ್ಲಾ ಸ್ಟೀರಾಯ್ಡ್ ಇದೆ. ಇಲ್ಲಾ ಪಾದರಸ ಇದೆ. ವೇಗವೇ ಇಲ್ಲಿ ಸುಳಿವು.

ಸ್ಟೀರಾಯ್ಡ್ ಹೇಗೆ ಬೆಳ್ಳಗೆ ಮಾಡುತ್ತೆ? ಅದು ಚರ್ಮದೊಳಗಿನ ಸಣ್ಣ ರಕ್ತನಾಳಗಳನ್ನ ಕುಗ್ಗಿಸುತ್ತೆ. ರಕ್ತ ಕಮ್ಮಿಯಾದ ಜಾಗ ಬಿಳಿಚಿಕೊಳ್ಳುತ್ತೆ. ಇದು ಎಷ್ಟು ಖಚಿತ ಅಂದ್ರೆ, ಯಾವ ಸ್ಟೀರಾಯ್ಡ್ ಎಷ್ಟು ಸ್ಟ್ರಾಂಗ್ ಅಂತ ಅಳೆಯೋಕೆ 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ಇಬ್ಬರು ಇದೇ ಬಿಳಿಚಿಕೊಳ್ಳೋ ಗುಣವನ್ನ ಪರೀಕ್ಷೆಯಾಗಿ ಬಳಸಿದರು. ಜೊತೆಗೆ ಅದು ಉರಿಯೂತ ಇಳಿಸುತ್ತೆ, ಮೊಡವೆಯ ಕೆಂಪು ಕಮ್ಮಿ ಮಾಡುತ್ತೆ, ಮೆಲನಿನ್ ತಯಾರಿ ನಿಧಾನ ಮಾಡುತ್ತೆ. ಮೊದಲ ವಾರ ನೋಡಿದವರೆಲ್ಲ "ಏನ್ ಹಚ್ತೀಯವ್ವ?" ಅಂತ ಕೇಳೋದು ಇದಕ್ಕೇ.

ಆಮೇಲೆ ಬಡ್ಡಿ ಶುರು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಕೆನ್ನೆ ಮೇಲೆ ಕೆಂಪು ನಾಳಗಳು ದಾರದಂಗೆ ಕಾಣುತ್ತವೆ, ಮುಖದಲ್ಲಿ ಕೂದಲು ಬರಬಹುದು, ಮೊಡವೆ ಮೊದಲಿಗಿಂತ ಜಾಸ್ತಿ ಆಗುತ್ತೆ. ಬಿಟ್ಟರೆ ಇನ್ನೂ ಕಷ್ಟ. ಕುಗ್ಗಿದ್ದ ನಾಳಗಳು ಹಿಗ್ಗಿ ಮುಖ ಕೆಂಡದಂಗೆ ಆಗುತ್ತೆ, ಉರಿ, ತುರಿಕೆ. ತಡೆಯೋಕಾಗದೆ ಮತ್ತೆ ಅದನ್ನೇ ಹಚ್ಚಿದರೆ ತಣ್ಣಗಾಗುತ್ತೆ. "ಈ ಕ್ರೀಮಿಲ್ಲದಿದ್ರ ನಡಿಯಂಗಿಲ್ಲ" ಅನ್ನೋ ಸ್ಥಿತಿ ಹುಟ್ಟೋದು ಹೀಗೆ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ "ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್" ಅಂತ ಪ್ರತ್ಯೇಕ ಹೆಸರೇ ಇಟ್ಟಿದ್ದಾರೆ. ಹೆಸರಿಡೋ ಮಟ್ಟಿಗೆ ಅವರ ಮುಂದೆ ಇಂಥ ಮುಖಗಳು ಬಂದಿವೆ.

ನಮ್ಮ ಗುಂಪಿನಲ್ಲೊಬ್ಬಳ ಅಕ್ಕ, ದೊಡ್ಡಮ್ಮನ ಮಗಳು, ಹೀಗೇ ಒಂದು ಟ್ಯೂಬ್ ಹಚ್ಚಿಕೊಳ್ತಿದ್ದಳು. ಹುಡುಗನ ಕಡೆಯವರು ನೋಡೋಕೆ ಬರ್ತಾರೆ ಅಂದಾಗ ಶುರುವಾದದ್ದು, ಮದುವೆಯಾಗಿ ಆರು ತಿಂಗಳಾದರೂ ನಿಲ್ಲಲಿಲ್ಲ. ಎರಡು ದಿನ ಬಿಟ್ಟರೆ ಮುಖ ಉರಿದು ಒಲೆ ಮುಂದೆ ನಿಲ್ಲೋಕೆ ಆಗ್ತಿರಲಿಲ್ಲ. "ಮದುವಿ ಮುಂದ ಚೊಲೋ ಇದ್ಲು, ಈಗೇನಾತಿದಕ" ಅನ್ನೋ ಮಾತು ಬೇರೆ. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು ಆ ಟ್ಯೂಬನ್ನ. ಅದರ ಮೇಲೆ "ಕ್ಲೋಬೆಟಾಸಾಲ್" ಅಂತ ಅಚ್ಚಾಗಿಯೇ ಇತ್ತು. ಯಾರೂ ಏನೂ ಮುಚ್ಚಿಟ್ಟಿರಲಿಲ್ಲ. ಮನೆಯಲ್ಲಿ ಓದೋರು ಇರಲಿಲ್ಲ, ಅಷ್ಟೇ. ಮುಖ ಒಂದು ಹದಕ್ಕೆ ಬರೋಕೆ ಅವಳಿಗೆ ಒಂದು ವರ್ಷದ ಹತ್ತಿರ ಹಿಡಿಯಿತು.

ಒಂದು ಮಾತು ಸ್ಪಷ್ಟ ಮಾಡಬೇಕು. ಸ್ಟೀರಾಯ್ಡ್ ಅಂದ್ರೆ ವಿಷ ಅಲ್ಲ. ಇಸಬು, ಸೋರಿಯಾಸಿಸ್, ಕೆಲವು ಅಲರ್ಜಿಗಳಿಗೆ ಅದು ಬಹಳ ಒಳ್ಳೇ ಔಷಧಿ. ಎಷ್ಟು ದಿನ, ಯಾವ ಜಾಗಕ್ಕೆ, ಎಷ್ಟು ಸ್ಟ್ರಾಂಗ್ ಅಂತ ಡಾಕ್ಟರ್ ಲೆಕ್ಕ ಹಾಕಿ ಕೊಡ್ತಾರೆ. ಬಂಗಿಗೆ ಕೊಡೋ ಮೂರು ಔಷಧಿಗಳ ಮಿಶ್ರಣ ಕೂಡ ಹಾಗೇ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್, ಈ ಮೂರನ್ನ ಸೇರಿಸೋ ಸೂತ್ರವನ್ನ ಅಮೆರಿಕದ ಕ್ಲಿಗ್‌ಮನ್ ಪ್ರಕಟಿಸಿದ್ದು, ಕಾಕತಾಳೀಯ ನೋಡಿ, ಅದೂ 1975ರಲ್ಲೇ. ಅದು ಬಂಗಿನ ಕಲೆಗೆ, ಕೆಲವೇ ವಾರಕ್ಕೆ, ವೈದ್ಯರ ಕಣ್ಣಳತೆಯಲ್ಲಿ ಹಚ್ಚೋ ಔಷಧಿ. ನಮ್ಮಲ್ಲಿ ಅದೇ ಮಿಶ್ರಣ ಪೂರ್ತಿ ಮುಖಕ್ಕೆ, ವರ್ಷಗಟ್ಟಲೆ, ಸ್ನೋ ಹಚ್ಚಿದಂಗೆ ಹಚ್ಚೋ ಕ್ರೀಮಾಗಿಬಿಟ್ಟಿದೆ. ಹೈಡ್ರೋಕ್ವಿನೋನ್ ಹೀಗೆ ಬಹಳ ಕಾಲ ಹಚ್ಚಿದರೆ ಕೆಲವರಿಗೆ ನೀಲಿಗಪ್ಪು ಕಲೆ ಬೀಳುತ್ತೆ, ಅದನ್ನ ಹೋಗಲಾಡಿಸೋದು ಬಂಗಿಗಿಂತ ಕಷ್ಟ.

ಹುಳುಕಡ್ಡಿಗೆ ಅಂತ ತರೋ ಕ್ರೀಮಿನಲ್ಲೂ ಇದೇ ಕಥೆ. ಫಂಗಸ್ ಕೊಲ್ಲೋ ಔಷಧಿ, ಆ್ಯಂಟಿಬಯಾಟಿಕ್, ಜೊತೆಗೆ ಸ್ಟೀರಾಯ್ಡ್, ಎಲ್ಲ ಒಂದೇ ಟ್ಯೂಬಿನಲ್ಲಿ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತೆ, ಆದರೆ ಸ್ಟೀರಾಯ್ಡ್ ಚರ್ಮದ ರಕ್ಷಣೆಯನ್ನ ಇಳಿಸೋದರಿಂದ ಫಂಗಸ್ ಒಳಗೊಳಗೇ ಹರಡುತ್ತೆ. ಹಾಸ್ಟೆಲ್ ರೂಮಿನಲ್ಲಿ ಒಬ್ಬರ ಟ್ಯೂಬ್ ನಾಲ್ಕು ಜನಕ್ಕೆ ತಿರುಗುತ್ತೆ. ಅದನ್ನೇ ಯಾರೋ ಒಬ್ಬ ಮೊಡವೆಗೂ ಹಚ್ಚಿ ನೋಡ್ತಾನೆ.

ಟ್ಯೂಬ್ ಓದೋದು ಹೇಗೆ?

ಔಷಧಿಯ ಟ್ಯೂಬಿಗೆ ಕೆಲವು ಗುರುತು ಇರುತ್ತವೆ. ಒಂದು ಬದಿ ಉದ್ದಕ್ಕೆ ಕೆಂಪು ಗೆರೆ. ಆರ್ ಅಕ್ಷರದ ಕಾಲಿಗೆ ಅಡ್ಡಗೀಟು ಎಳೆದಂಥ ಚಿಹ್ನೆ. "ಶೆಡ್ಯೂಲ್ ಎಚ್" ಅನ್ನೋ ಮಾತು, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅನ್ನೋ ಎಚ್ಚರಿಕೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಿಯಮ ತಿದ್ದಿ, ಮೈಮೇಲೆ ಹಚ್ಚೋ ಹಲವು ಸ್ಟೀರಾಯ್ಡ್‌ಗಳನ್ನೂ ಈ ಶೆಡ್ಯೂಲ್ ಎಚ್ ಒಳಗೆ ತಂದಿತು. ಅಂದ್ರೆ ಕಾನೂನಿನ ಪ್ರಕಾರ ಇವನ್ನ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ.

ಔಷಧಿಯ ಮೇಲೆ "ಕಾಂಪೊಸಿಷನ್" ಅಂತ ಇದ್ದು, ಪ್ರತಿ ಔಷಧಿಯ ಮುಂದೆ ಶೇಕಡಾ ಲೆಕ್ಕ ಇರುತ್ತೆ. ಅಲ್ಲಿ ಹುಡುಕಬೇಕಾದ ಹೆಸರುಗಳು: ಬೀಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲುವೊಸಿನೊಲೋನ್. ನೆನಪಿಡೋಕೆ ಸುಲಭ: ಕೊನೆಗೆ "ಸೋನ್", "ಸಾಲ್" ಅಥವಾ "ಲೋನ್" ಅಂತ ಬಂದ್ರೆ ಅನುಮಾನಪಡಿ. ಲೋನ್ ತಗೊಂಡ್ರೆ ಬಡ್ಡಿ ಕಟ್ಟಲೇಬೇಕು ಅಂತ ನೆನಪಿಟ್ಟುಕೊಳ್ಳಿ. ಹೀಗೆ ಕೊನೆಗೊಳ್ಳೋ ಎಲ್ಲ ಹೆಸರೂ ಸ್ಟೀರಾಯ್ಡ್ ಅಲ್ಲ. ಆದರೆ ಹಚ್ಚೋ ಮುಂಚೆ ಒಮ್ಮೆ ಕೇಳಿ ತಿಳ್ಕೊಳ್ಳೋಕೆ ಈ ಸುಳಿವು ಸಾಕು.

ಕಾಸ್ಮೆಟಿಕ್‌ನ ಲೇಬಲ್ ಬೇರೆ ಥರ. ಅದಕ್ಕೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನ ಒಳಗೆ ಬಳಸಬೇಕು ಅನ್ನೋದು, ಇಷ್ಟು ಇರಲೇಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸ ಮತ್ತು ಆಮದು ನೋಂದಣಿ ನಂಬರ್ ಇರಬೇಕು. ಬಳಸಿದ ವಸ್ತುಗಳ ಪಟ್ಟಿ ಜಾಸ್ತಿಯಿಂದ ಕಮ್ಮಿಗೆ ಇಳಿಯುತ್ತೆ. ಶೇ. 1ಕ್ಕಿಂತ ಕಮ್ಮಿ ಇರೋವನ್ನ ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಇದು ಗೊತ್ತಿದ್ದರೆ ಒಂದು ತಮಾಷೆ ಕಾಣುತ್ತೆ. ಡಬ್ಬದ ಮುಂದೆ ಕೇಸರಿ, ಚಂದನ, ಬಾದಾಮಿಯ ದೊಡ್ಡ ಚಿತ್ರ. ಹಿಂದೆ ಪಟ್ಟಿಯಲ್ಲಿ ಮೊದಲು ನೀರು, ಕೇಸರಿ ಎಲ್ಲೋ ಕಟ್ಟಕಡೆಗೆ, ಬಣ್ಣ-ಸುವಾಸನೆಗಳ ಪಕ್ಕದಲ್ಲಿ.

ವಿಳಾಸವೇ ಇಲ್ಲದ ಡಬ್ಬ

ಸ್ಟೀರಾಯ್ಡ್ ಟ್ಯೂಬಿನ ಮೇಲೆ ಕೊನೇಪಕ್ಷ ಹೆಸರಾದರೂ ಇರುತ್ತೆ. ಪಾದರಸ ಇರೋ ಕ್ರೀಮಿನಲ್ಲಿ ಸಾಮಾನ್ಯವಾಗಿ ಅದೂ ಇರಲ್ಲ. ನಮ್ಮ ದೇಶದ ನಿಯಮ ಕಾಸ್ಮೆಟಿಕ್‌ಗೆ ಪಾದರಸ ಸೇರಿಸೋದನ್ನ ನಿಷೇಧಿಸುತ್ತೆ. ಬೇಕೆಂದು ಸೇರಿಸದೆ ಅಕಸ್ಮಾತ್ ಬಂದ ಪಾದರಸ ಕೂಡ ಮುಖದ ಕ್ರೀಮಿನಲ್ಲಿ 1 ಪಿಪಿಎಂ, ಅಂದ್ರೆ 1 ಕಿಲೋ ಕ್ರೀಮಿನಲ್ಲಿ 1 ಮಿಲಿಗ್ರಾಂ ದಾಟಬಾರದು.

ಈ ನಿಯಮ ಯಾಕಿದೆ ಅನ್ನೋದಕ್ಕೆ ಪಕ್ಕದ ಕೇರಳದ ಒಂದು ಅಧ್ಯಯನ ನೋಡಬೇಕು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಆಸ್ಪತ್ರೆಯೊಂದಕ್ಕೆ ಮೆಂಬ್ರೇನಸ್ ನೆಫ್ರೋಪಥಿ ಎಂಬ ಮೂತ್ರಪಿಂಡದ ಕಾಯಿಲೆಯವರು 22 ಜನ ಬಂದಿದ್ದರು. ಅವರಲ್ಲಿ 15 ಜನಕ್ಕಿದ್ದದ್ದು ಆ ಕಾಯಿಲೆಯ ಒಂದು ವಿಶೇಷ ಬಗೆ. ವಿಚಾರಿಸಿದಾಗ ಆ 15ರಲ್ಲಿ 13 ಜನ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದರು ಅಂತ ಗೊತ್ತಾಯ್ತು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿ ಮುಟ್ಟಿತ್ತು. ಪಾದರಸ ಚರ್ಮದ ಮೂಲಕ ರಕ್ತಕ್ಕಿಳಿಯುತ್ತೆ, ಆವಿಯಾಗಿ ಮನೆಯೊಳಗೂ ಹರಡುತ್ತೆ. ಹಚ್ಚಿಕೊಂಡ ತಾಯಿಯ ಮಗ್ಗುಲಲ್ಲಿ ಮಲಗೋ ಮಗುವಿಗೂ ಅಪಾಯ ಇದೆ.

ಗುರುತಿಸೋದು ಹೇಗೆ? ತಯಾರಕರ ಪೂರ್ತಿ ವಿಳಾಸ ಇಲ್ಲದ, ಲೈಸೆನ್ಸ್ ಅಥವಾ ಆಮದು ನೋಂದಣಿ ನಂಬರ್ ಇಲ್ಲದ ಡಬ್ಬ ಮೊದಲ ಸುಳಿವು. ಇನ್ನೊಂದು ಸುಳಿವು ನಮ್ಮಮ್ಮಂದಿರಿಗೆ ಬೇಗ ಅರ್ಥವಾಗುತ್ತೆ: "ಬಂಗಾರ, ಬೆಳ್ಳಿ ಒಡವೆಗೆ ತಾಗಿಸಬೇಡಿ" ಅಂತ ಸೂಚನೆ ಇದ್ದರೆ ಆ ಕ್ರೀಮನ್ನ ಮುಟ್ಟಲೇಬೇಡಿ. ಪಾದರಸ ಬಂಗಾರದ ಜೊತೆ ಬೆರೆಯುತ್ತೆ. ಓಲೆಗೆ ತಾಗಬಾರದ್ದು ಕೆನ್ನೆಗೆ ಯಾಕೆ?

ಹಾಗಾದ್ರೆ ಏನು ಹಚ್ಚಬೇಕು?

ಮೂರು ಸಾಕು: ತೊಳೆಯೋಕೆ ಒಂದು, ಒಣಗದಂತೆ ಇಡೋಕೆ ಒಂದು, ಬಿಸಿಲಿಗೆ ಒಂದು. ಹತ್ತು ಹೆಜ್ಜೆಯ ರೂಟೀನು, ನಾಲ್ಕು ಸೀರಮ್ಮು ಯಾವುದೂ ಕಡ್ಡಾಯ ಅಲ್ಲ.

ಮೊದಲು ಸೋಪು. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು 5ರ ಆಸುಪಾಸು, ಸ್ವಲ್ಪ ಆಮ್ಲೀಯ. ಸಾಮಾನ್ಯ ಸೋಪಿನದ್ದು 9ರಿಂದ 10. ಪಿಎಚ್ ಲಾಗರಿದಮಿಕ್ ಸ್ಕೇಲ್ ಅನ್ನೋದು ನೆನಪಿದ್ದರೆ ಈ ಅಂತರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಸೋಪಿನ ರ‍್ಯಾಪರ್ ಮೇಲೆ ಟಿಎಫ್‌ಎಂ ಅಂತ ಒಂದು ಸಂಖ್ಯೆ ಇರುತ್ತೆ, ಕೊಬ್ಬಿನಂಶದ ಲೆಕ್ಕ. ಶೇ. 76 ಅಥವಾ ಮೇಲಿದ್ದರೆ ಗ್ರೇಡ್ 1. 1916ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆಯ ಕೂಸು ಮೈಸೂರು ಸ್ಯಾಂಡಲ್ ಸೋಪಿನ ಮೇಲೆ 80 ಅಂತ ಇರುತ್ತೆ. "ಟಾಯ್ಲೆಟ್ ಸೋಪ್" ಅನ್ನೋ ಬದಲು "ಬೇದಿಂಗ್ ಬಾರ್" ಅಂತ ಬರೆದಿದ್ದರೆ ಅದರ ಕೊಬ್ಬಿನಂಶ ಕಮ್ಮಿ ಇರಬಹುದು. ಟಿಎಫ್‌ಎಂ ಜಾಸ್ತಿ ಇದ್ದರೆ ಒಳ್ಳೇ ಸೋಪು ನಿಜ, ಆದರೆ ಅದೂ ಕ್ಷಾರವೇ. ಮೈಗೆ ಸರಿ. ಮುಖ ತೊಳೆದ ಮೇಲೆ ಬಿಗಿದಂಗೆ ಆಗ್ತಿದ್ದರೆ ಮುಖಕ್ಕೆ ಸೋಪು ಬಿಟ್ಟು ಕಮ್ಮಿ ಪಿಎಚ್‌ನ, ಸುವಾಸನೆ ಇಲ್ಲದ ಫೇಸ್‌ವಾಶ್ ಬಳಸಿ. ದಿನಕ್ಕೆ ಎರಡು ಸಲ ಸಾಕು.

ನೀರಿನ ಮಾತೂ ಬರುತ್ತೆ. ಬೋರ್‌ವೆಲ್ ನೀರು ಗಡಸಿದ್ದರೆ ಸೋಪು ನೊರೆ ಕೊಡಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ಬಣ್ಣ ಬದಲಾಗೋದನ್ನೇ ಕಾದು ಕೂತಿದ್ವಲ್ಲ, ಅದೇ ಗಡಸುತನ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗಿ ಚರ್ಮದ ಮೇಲೆ ಕೂರುತ್ತೆ. ತೊಳೆದಷ್ಟೂ ಒರಟು. ಇಂಥ ನೀರಿಗೆ ಸೋಪಲ್ಲದ ಕ್ಲೆನ್ಸರ್ ವಾಸಿ, ಅದು ಈ ಜಿಡ್ಡು ಮಾಡಲ್ಲ.

ಎರಡನೇದು ಮಾಯಿಶ್ಚರೈಸರ್. ಎಣ್ಣೆ ಮುಖದವರಿಗೆ ಬೇಡ ಅನ್ನೋದು ತಪ್ಪು ತಿಳುವಳಿಕೆ. ಎಣ್ಣೆ ಬೇರೆ, ನೀರಿನಂಶ ಬೇರೆ. ಎಣ್ಣೆ ಮುಖಕ್ಕೆ ಜೆಲ್ ಥರದ್ದು, ಒಣ ಮುಖಕ್ಕೆ ಕ್ರೀಮ್ ಥರದ್ದು. ಗ್ಲಿಸರಿನ್ ಇದ್ದರೆ ಒಳ್ಳೇದು, ಅದು ಹಳೇದು, ಅಗ್ಗ, ಮತ್ತು ಕೆಲಸ ಮಾಡುತ್ತೆ. ಸ್ನಾನ ಆದ ಕೂಡಲೇ, ಚರ್ಮ ಇನ್ನೂ ಹಸಿ ಇರುವಾಗಲೇ ಹಚ್ಚಿ.

ಮೂರನೇದು ಸನ್‌ಸ್ಕ್ರೀನ್. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋದು ಹೊಸದಲ್ಲ. ಆದರೆ ಚರ್ಮ ಕಪ್ಪಾಗಿಸೋದು ಶಾಖ ಅಷ್ಟೇ ಅಲ್ಲ, ಅತಿನೇರಳೆ ಕಿರಣ. ಅದು ಮೋಡ ಇದ್ದ ದಿನವೂ ಇರುತ್ತೆ. ಎಸ್‌ಪಿಎಫ್ 15 ಸುಮಾರು ಶೇ. 93ರಷ್ಟು ಯುವಿಬಿ ತಡೆದರೆ, 30 ತಡೆಯೋದು ಶೇ. 97, 50 ತಡೆಯೋದು ಶೇ. 98. ಅಂದ್ರೆ 30ರಿಂದ 50ಕ್ಕೆ ಹೋದರೆ ಸಿಗೋದು ಒಂದೇ ಅಂಕ. 30 ಇದ್ದರೆ ಸಾಕು, ಆದರೆ ಜೊತೆಗೆ ಪಿಎ+++ ಅಂತ ಇರಲಿ, ಅದು ಯುವಿಎ ತಡೆಯ ಗುರುತು. ಯುವಿಎ ಗಾಜನ್ನೂ ದಾಟಿ ಬರುತ್ತೆ. ಬಸ್ಸಿನಲ್ಲಿ ಕಿಟಕಿ ಮುಚ್ಚಿ ಕೂತರೂ ಪೂರ್ತಿ ರಕ್ಷಣೆ ಇಲ್ಲ.

ಪ್ರಮಾಣದಲ್ಲಿ ಎಲ್ಲರೂ ಜಿಪುಣರು. ಲ್ಯಾಬಲ್ಲಿ ಎಸ್‌ಪಿಎಫ್ ಅಳೆಯೋದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಆ ಲೆಕ್ಕದಲ್ಲಿ ಮುಖ, ಕುತ್ತಿಗೆಗೆ ಸುಮಾರು 1 ಗ್ರಾಂ ಬೇಕು, ಎರಡು ಬೆರಳುದ್ದ. ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ 25 ದಿನಕ್ಕೆ ಖಾಲಿ. ಆರು ತಿಂಗಳು ಬರ್ತಿದೆ ಅಂದ್ರೆ ನೀವು ಹಚ್ಚುತ್ತಿಲ್ಲ, ಸವರುತ್ತಿದ್ದೀರಿ. ಇಷ್ಟು ದುಡ್ಡು ಎಲ್ಲಿಂದ ತರೋದು ಅಂತ ಕೇಳಿದರೆ, ಸಿರುಗುಪ್ಪ ಸೀಮೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡೋ ಹೆಂಗಸರನ್ನ ನೋಡಿ. ತಲೆಗೆ ಟವೆಲ್, ಮುಖಕ್ಕೆ ಸೆರಗು, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ. ಒತ್ತಾಗಿ ನೇಯ್ದ ಬಟ್ಟೆಗಿಂತ ಅಗ್ಗದ ಸನ್‌ಸ್ಕ್ರೀನ್ ಇನ್ನೊಂದಿಲ್ಲ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಛತ್ರಿ, ಟೋಪಿ, ದುಪಟ್ಟಾ ಯಾವುದಾದರೂ ಸರಿ.

ಬಂಗು ಇದ್ದವರಿಗೆ ಇನ್ನೊಂದು ವಿಷಯ. ಬಂಗನ್ನ ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣೋ ಬೆಳಕೂ ಹೆಚ್ಚಿಸುತ್ತೆ. ಅದನ್ನ ತಡೆಯೋಕೆ ಮೈಬಣ್ಣದ, ಅಂದ್ರೆ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಅದಕ್ಕೆ ಆ ಬಣ್ಣ ಕೊಡೋದು ಐರನ್ ಆಕ್ಸೈಡ್. ಸಂಡೂರಿನ ಗುಡ್ಡದಿಂದ ಲಾರಿಗಟ್ಟಲೆ ಸಾಗಿಸ್ತಾರಲ್ಲ, ರಾಸಾಯನಿಕವಾಗಿ ಅದೇ ಜಾತಿ. ಕ್ರೀಮಿಗೆ ಹಾಕೋದು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ್ದು, ಹಾಗಾಗಿ ಲಾರಿ ಹಿಂದಿನ ಕೆಂಪು ಧೂಳು ಮುಖಕ್ಕೆ ಒಳ್ಳೇದು ಅಂದ್ಕೋಬೇಡಿ.

ಮೊಡವೆಗೆ?

ಮೊಡವೆ ಕೊಳಕಿನಿಂದ ಬರಲ್ಲ. ಹಾರ್ಮೋನು, ಎಣ್ಣೆಗ್ರಂಥಿ, ಮುಚ್ಚಿಹೋದ ರಂಧ್ರ, ಅದರೊಳಗಿನ ಬ್ಯಾಕ್ಟೀರಿಯಾ, ಈ ನಾಲ್ಕು ಸೇರಿ ಆಗೋದು. ಹಾಗಾಗಿ ದಿನಕ್ಕೆ ಎಂಟು ಸಲ ಉಜ್ಜಿ ತೊಳೆದರೆ ಹೋಗಲ್ಲ, ಜಾಸ್ತಿ ಆಗುತ್ತೆ. ಸಣ್ಣ ಪ್ರಮಾಣದ ಮೊಡವೆಗೆ ಶೇ. 2 ಸ್ಯಾಲಿಸಿಲಿಕ್ ಆಸಿಡ್ ಇರೋ ಫೇಸ್‌ವಾಶ್, ಅಥವಾ ಶೇ. 2.5 ಬೆಂಜಾಯಿಲ್ ಪೆರಾಕ್ಸೈಡ್ ಸಾಕಾಗುತ್ತೆ. ಪರ್ಸೆಂಟೇಜ್ ಏರಿಸಿದರೆ ಉರಿ ಏರುತ್ತೆ, ಫಲ ಅಷ್ಟೇನೂ ಏರಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಟವೆಲ್, ದಿಂಬಿನ ಕವರಿನ ಬಣ್ಣ ಬಿಡಿಸುತ್ತೆ, ಮನೆಯಲ್ಲಿ ಬೈಸಿಕೊಳ್ಳೋ ಮುಂಚೆ ಗೊತ್ತಿರಲಿ. ಅಡಾಪಲೀನ್, ಟ್ರೆಟಿನಾಯಿನ್ ಥರದ್ದು ಔಷಧಿ, ಕೇಳಿಯೇ ಹಚ್ಚಿ. ಬಸುರಿ ಹೆಂಗಸರು ಇವನ್ನ ಹಚ್ಚಬಾರದು. ಯಾವುದೇ ಆಗಲಿ ಎರಡು-ಮೂರು ತಿಂಗಳು ಕೊಡಿ. ಗಂಟುಗಂಟಾದ, ನೋವಿರೋ ಮೊಡವೆ ಇದ್ದರೆ ನೇರ ಡಾಕ್ಟರ್ ಹತ್ತಿರ ಹೋಗಿ, ತಡ ಮಾಡಿದರೆ ಗುಳಿ ಬೀಳುತ್ತೆ.

ಚಿವುಟಬೇಡಿ. ನಮ್ಮಂಥ ಮೈಬಣ್ಣದವರಿಗೆ ಮೊಡವೆಗಿಂತ ಅದು ಬಿಟ್ಟುಹೋಗೋ ಕಪ್ಪು ಕಲೆಯ ಕಾಟವೇ ಜಾಸ್ತಿ. ಆ ಕಲೆ ಹೋಗಲಿ ಅಂತಲೇ ಹೆಚ್ಚಿನವರು ಆ ಕೆಂಪಗಾಗೋ ಟ್ಯೂಬಿನ ಕಡೆ ಹೋಗೋದು.

ಅಡುಗೆಮನೆಯಲ್ಲಿರೋದು?

ಅಜ್ಜಿ ಹೇಳಿದ್ದೆಲ್ಲ ತಪ್ಪೂ ಅಲ್ಲ, ಎಲ್ಲ ಸರಿಯೂ ಅಲ್ಲ. ಕಡಲೆಹಿಟ್ಟು ನಯವಾಗಿ ಹಚ್ಚಿ ತೊಳೆದರೆ ತೊಂದರೆ ಇಲ್ಲ, ಮರಳು ಕಾಗದದಂಗೆ ಉಜ್ಜಬಾರದು. ನಿಂಬೆರಸದ ಪಿಎಚ್ ಸುಮಾರು 2. ಅದನ್ನ ಹಚ್ಚಿ ಬಿಸಿಲಿಗೆ ಹೋದರೆ ಕೆಲವರಿಗೆ ಚರ್ಮ ಸುಟ್ಟಂಗಾಗಿ ಕಪ್ಪು ಕಲೆ ಉಳಿಯುತ್ತೆ. ಕೊಬ್ಬರಿ ಎಣ್ಣೆ ಒಣಗಿದ ಕೈಕಾಲಿಗೆ ಒಳ್ಳೇದು, ಮೊಡವೆ ಇರೋ ಮುಖಕ್ಕೆ ಬೇಡ. ತಲೆಗೆ ಹಚ್ಚಿದ್ದು ಹಣೆಗಿಳಿದರೂ ಅಲ್ಲಿ ಮೊಡವೆ ಏಳಬಹುದು. ಟೂತ್‌ಪೇಸ್ಟು ಹಲ್ಲಿಗೇ ಇರಲಿ. ಮೊಡವೆಗೆ ಹಚ್ಚಿದರೆ ಒಣಗಿಸಿ ಉರಿ ಮಾಡುತ್ತೆ, ಅಷ್ಟೇ.

ಹೊಸದು ಏನೇ ತಂದರೂ, ಅಡುಗೆಮನೆಯದ್ದಾಗಲಿ ಆನ್‌ಲೈನಿನದ್ದಾಗಲಿ, ಮೊದಲು ಮೊಣಕೈ ಒಳಬದಿಗೆ ಮೂರು-ನಾಲ್ಕು ದಿನ ಹಚ್ಚಿ ನೋಡಿ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ನಾಲ್ಕು ವೇರಿಯಬಲ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಹೇಳೋಕಾಗಲ್ಲ, ಇದು ನಮಗೆ ಯಾರೂ ಕಲಿಸಬೇಕಿಲ್ಲ.

ಈಗಾಗಲೇ ಹಚ್ಚುತ್ತಿದ್ದರೆ?

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಟ್ಯೂಬ್ ಹಚ್ಚುತ್ತಿದ್ದರೆ ಅವರನ್ನ ಬೈಬೇಡಿ, ನಗಬೇಡಿ. ಟ್ಯೂಬ್ ಕಸಿದು ಬಿಸಾಕಲೂಬೇಡಿ. ಬಹಳ ದಿನ ಹಚ್ಚಿದ ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಿದರೆ ಉರಿ ಜೋರಾಗಿ, ಅವರು ಗುಟ್ಟಾಗಿ ಮತ್ತೆ ಅದನ್ನೇ ತರಿಸ್ತಾರೆ. ಹೇಗೆ ಬಿಡಬೇಕು, ಆ ಹೊತ್ತಿಗೆ ಉರಿಗೆ ಏನು ಹಚ್ಚಬೇಕು ಅಂತ ಚರ್ಮದ ಡಾಕ್ಟರ್ ಹೇಳ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಅಥವಾ ಜನ ಇನ್ನೂ ವಿಮ್ಸ್ ಅಂತಲೇ ಕರೆಯೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರ್ಕೊಂಡು ಹೋಗಿ. ಹೋಗುವಾಗ ಹಚ್ಚಿದ ಟ್ಯೂಬು, ಡಬ್ಬ ಎಲ್ಲ ಜೊತೆಗಿರಲಿ. ಹೆಸರಿಲ್ಲದ ಡಬ್ಬದ ಕ್ರೀಮಾಗಿದ್ದು ಕಾಲು, ಮುಖ ಊದಿಕೊಂಡಿದ್ದರೆ ಅಥವಾ ಮೂತ್ರ ನೊರೆನೊರೆ ಹೋಗ್ತಿದ್ದರೆ ಆ ಕ್ರೀಮನ್ನ ಅವತ್ತೇ ನಿಲ್ಲಿಸಿ, ಅದೇ ದಿನ ಡಾಕ್ಟರ್‌ಗೆ ತೋರಿಸಿ.

ಲೇಬಲ್ಲುಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಅಕ್ಷರ ಇರುವೆ ಗಾತ್ರದ್ದು. ಅದನ್ನ ಓದೋ ಕಣ್ಣು, ಭಾಷೆ, ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡೋ ತಾಳ್ಮೆ ನಮ್ಮ ಹತ್ತಿರ ಇದೆ. ಈ ಸಲ ಊರಿಗೆ ಹೋದಾಗ ಕನ್ನಡಿ ಹಿಂದೆ, ಕಪಾಟಿನೊಳಗೆ, ಟ್ರಂಕಿನ ಮೇಲೆ ಇರೋ ಟ್ಯೂಬುಗಳನ್ನೆಲ್ಲ ಒಮ್ಮೆ ತೆಗೆದು ಓದಿ. ಐದು ನಿಮಿಷದ ಕೆಲಸ. ಓದಿದ್ದನ್ನ ಕನ್ನಡದಲ್ಲಿ, ಅವರಿಗೆ ತಿಳಿಯೋ ಮಾತಲ್ಲಿ ಹೇಳಿ.